ಹಿರಿಯರ ಮನೆ: ನಾವು ಮರೆತ ಒಂದು ಚರಿತ್ರೆ

ಎರಡು ವರ್ಷಗಳ ಹಿಂದೆ ನನ್ನ ಖಾಲಾ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಗ ಅವರಿಗೆ 78 ವರ್ಷ. ಖಾಲೂ ತೀರಿಹೋಗಿ ಹದಿನೈದು ವರ್ಷಗಳಾಗಿದ್ದವು. ಮಕ್ಕಳಿಲ್ಲ. ಆಪರೇಷನ್ ಆಯಿತು, ವಾಕರ್ ಹಿಡಿದು ನಾಲ್ಕು ಹೆಜ್ಜೆ ನಡೆಯುವಷ್ಟಾದರು. ಆದರೆ ಒಬ್ಬರೇ ಇರುವ ಸ್ಥಿತಿ ಮುಗಿದಿತ್ತು. ನಮ್ಮ ಮನೆಯಲ್ಲಿ ಆರು ತಿಂಗಳು, ತಮ್ಮನ ಮನೆಯಲ್ಲಿ ನಾಲ್ಕು ತಿಂಗಳು ಇದ್ದರು. ಎರಡೂ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಸಂಜೆ ಮನೆ ಸೇರುವವರು. ಒಂದು ಮಧ್ಯಾಹ್ನ ಖಾಲಾ ಮಂಚದಿಂದ ಇಳಿಯಲು ಹೋಗಿ ಬಿದ್ದು, ಏಳಲಾಗದೆ ಮೂರು ಗಂಟೆ ಹೊತ್ತು ನೆಲದ ಮೇಲೆಯೇ ಇದ್ದರು. ನಮಗೆ ತಿಳಿದದ್ದು ಸಂಜೆ. ಅಂದು ರಾತ್ರಿ ನನ್ನ ಹೆಂಡತಿ ಮೊದಲ ಬಾರಿಗೆ ಆ ಪದವನ್ನು ಬಾಯಿಬಿಟ್ಟು ಹೇಳಿದಳು: ವೃದ್ಧಾಶ್ರಮ.

ಮನೆಯೊಳಗೆ ನಾವು ದಖನಿ ಮಾತನಾಡುವವರು. ಆ ಒಂದು ಪದವನ್ನು ಮಾತ್ರ ಅವಳು ಕನ್ನಡದಲ್ಲಿ ಹೇಳಿದಳು, ನಾನೂ ಕನ್ನಡದಲ್ಲೇ ಉತ್ತರಿಸಿದೆ. ನಮ್ಮ ಭಾಷೆಯಲ್ಲಿ ಅದಕ್ಕೆ ಪದವೇ ಇಲ್ಲವೇನೋ, ಅದು ನಮಗೆ ಸಂಬಂಧಪಡದ ಸಂಗತಿಯೇನೋ ಎಂಬಂತೆ. ಮೊದಲ ವೃದ್ಧಾಶ್ರಮವನ್ನು ನೋಡಲು ಹೋದದ್ದೂ ಕದ್ದುಮುಚ್ಚಿಯೇ. ಮೊಹಲ್ಲಾದಲ್ಲಿ ಆಸ್ಪತ್ರೆಗೆ ಹೋಗಿಬರುತ್ತೇವೆ ಎಂದು ಹೇಳಿದೆವು. ಅಲ್ಲಿನ ಆಫೀಸಿನಲ್ಲಿ ನಾನು ಅಪರಾಧಿಯಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಮ್ಯಾನೇಜರ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ತಿಂಗಳ ಹಣವೆಷ್ಟು ಎಂಬುದನ್ನು ಬಿಟ್ಟರೆ ಬೇರೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಒಂದು ಹಸು ಕೊಳ್ಳಲು ಹೋದರೂ ಅದರ ಹಲ್ಲು ನೋಡುತ್ತೇವೆ, ಕೆಚ್ಚಲು ಮುಟ್ಟಿ ನೋಡುತ್ತೇವೆ. ತಾಯಿಯ ಸ್ಥಾನದಲ್ಲಿರುವವರನ್ನು ಬಿಡಲು ಹೋದ ಜಾಗದಲ್ಲಿ ನನಗೆ ಬಾಯಿ ಬರಲಿಲ್ಲ.

ಈ ನಾಚಿಕೆ ಎಲ್ಲಿಂದ ಬಂತು? ಕಥೆ ಬರೆಯುವ ನಾನು ಇತಿಹಾಸದ ಪುಸ್ತಕಗಳನ್ನು ತೆರೆದದ್ದು ಈ ಪ್ರಶ್ನೆಯಿಂದಾಗಿ.

ಆಯತ್‌ನ ಒಂದು ಪದ

ನಮ್ಮ ನಾಚಿಕೆಗೆ ನಾವು ಕೊಡುವ ಮೊದಲ ಕಾರಣ ಧರ್ಮ. ಸೂರಃ ಬನೀ ಇಸ್ರಾಈಲ್‌ನ 23ನೆಯ ಆಯತ್ ನಮ್ಮ ಮದ್ರಸಾದ ಮಕ್ಕಳಿಗೂ ಗೊತ್ತು. ತಂದೆತಾಯಿ ಮುಪ್ಪಿಗೆ ತಲುಪಿದಾಗ ಬೇಸರದ ಒಂದು ಉಸಿರನ್ನೂ ಅವರೆದುರು ಬಿಡಬಾರದು ಎಂಬುದು ಅದರ ಆದೇಶ. ತಾಯಿಯ ಸಹೋದರಿಗೆ ತಾಯಿಯ ಸ್ಥಾನವೆಂದು ಪ್ರವಾದಿವರ್ಯರು(ಸ) ತೀರ್ಮಾನಿಸಿದ್ದು ಹದೀಸ್‌ನಲ್ಲಿದೆ. ಆದ್ದರಿಂದ ಖಾಲಾ ಎಂದಾಕ್ಷಣ ನನ್ನ ಹೊಣೆ ಕಡಿಮೆಯಾಗುವುದಿಲ್ಲ.

ಆ ಆಯತ್‌ನಲ್ಲಿ ‘ಇಂದಕ’ ಎಂಬ ಪದವಿದೆ. ‘ನಿನ್ನ ಬಳಿ’ ಎಂದು ಅದರ ಅರ್ಥ. ನಿನ್ನ ಆಸರೆಯಲ್ಲಿ, ನಿನ್ನ ಹೊಣೆಯಲ್ಲಿ ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಒಂದೇ ಸೂರಿನಡಿ ಇದ್ದೂ ಹಿರಿಯರು ನಮ್ಮ ಬಳಿ ಇಲ್ಲದಿರಬಹುದು. ಹಗಲಿಡೀ ಬೀಗ ಹಾಕಿದ ಮನೆಯೊಳಗೆ ನೆಲದ ಮೇಲೆ ಬಿದ್ದಿದ್ದ ಖಾಲಾ ಆ ಮೂರು ಗಂಟೆ ಯಾರ ಬಳಿ ಇದ್ದರು? ಹಾಗೆಂದು ಈ ಪದವನ್ನು ನೆಪ ಮಾಡಿಕೊಂಡು ಹೊಣೆಯಿಂದ ಜಾರಿಕೊಳ್ಳುವುದೂ ಸುಲಭ. ಮನೆಯಲ್ಲಿ ನೋಡಿಕೊಳ್ಳಲು ಜನರಿದ್ದು, ಅನುಕೂಲವಿದ್ದು, ಬೇಡವೆಂದು ಹೊರಗೆ ಕಳಿಸುವವರ ಪರವಾಗಿ ನಾನು ವಕಾಲತ್ತು ವಹಿಸುತ್ತಿಲ್ಲ. ನನ್ನ ಮಾತು ಬೇರೆ ದಾರಿಯೇ ಉಳಿಯದ ಮನೆಗಳ ಬಗ್ಗೆ.

ಖಲೀಫರ ಕಾಲದಿಂದ ಕೈರೋದವರೆಗೆ

ಇಮಾಮ್ ಅಬೂ ಯೂಸುಫ್‌ರ ‘ಕಿತಾಬುಲ್ ಖರಾಜ್’ ತೆರಿಗೆ ಮತ್ತು ಆಡಳಿತದ ಬಗ್ಗೆ ಎಂಟನೆಯ ಶತಮಾನದಲ್ಲಿ ಬರೆದ ಗ್ರಂಥ. ಅದರಲ್ಲಿ ಹಝ್ರತ್ ಉಮರ್(ರ) ಅವರ ಒಂದು ಪ್ರಸಂಗ ಬರುತ್ತದೆ. ಕಣ್ಣು ಕಾಣದ ಮುದುಕನೊಬ್ಬ ಬಾಗಿಲಲ್ಲಿ ನಿಂತು ಬೇಡುತ್ತಿದ್ದ. ವಿಚಾರಿಸಿದಾಗ ಯಹೂದಿ ಎಂದು ತಿಳಿಯಿತು. ವಯಸ್ಸು, ಬಡತನ, ಜಿಝ್ಯಾ ತೆರಿಗೆ ಮೂರೂ ಸೇರಿ ತನ್ನನ್ನು ಬೀದಿಗೆ ತಂದವು ಎಂದ. ಖಲೀಫರು ಅವನ ಕೈಹಿಡಿದು ಮನೆಗೆ ಕರೆದೊಯ್ದರು, ಮನೆಯಲ್ಲಿದ್ದುದನ್ನು ಕೊಟ್ಟರು. ನಂತರ ಬೈತುಲ್‌ಮಾಲ್‌ನ ಖಜಾಂಚಿಗೆ ಹೇಳಿಕಳುಹಿಸಿದರು: ಯೌವನದಲ್ಲಿ ಇವನ ದುಡಿಮೆ ತಿಂದು ಮುಪ್ಪಿನಲ್ಲಿ ಕೈಬಿಟ್ಟರೆ ಅದು ನ್ಯಾಯವಲ್ಲ, ಇವನನ್ನೂ ಇವನಂಥವರನ್ನೂ ನೋಡಿಕೊಳ್ಳಿ ಎಂದು. ಅಂಥವರ ತೆರಿಗೆಯೂ ರದ್ದಾಯಿತು. ಮುದುಕನಿಗೆ ಊಟ ಕೊಟ್ಟು ಕಳುಹಿಸಿದ್ದರೆ ಅದು ದಾನವಾಗುತ್ತಿತ್ತು. ‘ಇವನಂಥವರು’ ಎಂದು ಸೇರಿಸಿದ್ದರಿಂದ ಅದು ವ್ಯವಸ್ಥೆಯಾಯಿತು.

ಉಮವೀ ಖಲೀಫ ವಲೀದ್ (ಆಳ್ವಿಕೆ 705–715) ಕುಷ್ಠರೋಗಿಗಳಿಗೆ ಜೀವನಾಂಶ ಕೊಟ್ಟು ಭಿಕ್ಷೆ ಬೇಡದಂತೆ ಮಾಡಿದನೆಂದೂ, ನಡೆಯಲಾಗದವರಿಗೆ ಸೇವಕನನ್ನೂ ಕಣ್ಣಿಲ್ಲದವರಿಗೆ ಕೈಹಿಡಿದು ನಡೆಸುವವನನ್ನೂ ನೇಮಿಸಿದನೆಂದೂ ಇತಿಹಾಸಕಾರ ತಬರಿ ದಾಖಲಿಸಿದ್ದಾರೆ. ಇಲ್ಲಿಯವರೆಗೆ ಇದು ಮನೆಯಲ್ಲಿದ್ದವರಿಗೆ ನೆರವು. ಮನೆಯೇ ಇಲ್ಲದವರಿಗೆ, ಮನೆಯಲ್ಲಿ ನೋಡಿಕೊಳ್ಳಲಾಗದವರಿಗೆ ಕಟ್ಟಡಗಳು ಬಂದದ್ದು ವಕ್ಫ್ ಮೂಲಕ.

ಅವುಗಳಲ್ಲಿ ಪ್ರಸಿದ್ಧವಾದದ್ದು ಕೈರೋದ ಮನ್ಸೂರಿ ಬೀಮಾರಿಸ್ತಾನ್. ಮಮ್ಲೂಕ್ ಸುಲ್ತಾನ್ ಕಲಾವೂನ್ ಸುಲ್ತಾನನಾಗುವ ಮೊದಲು ಒಮ್ಮೆ ದಮಾಸ್ಕಸ್‌ನಲ್ಲಿ ಕಾಯಿಲೆ ಬಿದ್ದಿದ್ದ. ಅಲ್ಲಿ ನೂರುದ್ದೀನ್ ಝಂಗಿ 1154ರಲ್ಲಿ ಕಟ್ಟಿಸಿದ್ದ ಬೀಮಾರಿಸ್ತಾನದ ಔಷಧಿಯಿಂದ ಗುಣವಾಯಿತು. ಪಟ್ಟಕ್ಕೆ ಬಂದರೆ ಇಂಥದ್ದನ್ನು ಕಟ್ಟಿಸುತ್ತೇನೆಂದು ಹರಕೆ ಹೊತ್ತನಂತೆ. 1284ರಲ್ಲಿ ಕೆಲಸ ಆರಂಭವಾಗಿ ಒಂದು ವರ್ಷದೊಳಗೆ ಮುಗಿಯಿತು. ಅದು ಮುಖ್ಯವಾಗಿ ರೋಗಿಗಳಿಗಾಗಿ ಕಟ್ಟಿದ ಆಸ್ಪತ್ರೆ, ವೃದ್ಧರ ಮನೆಯಲ್ಲ. ಆದರೂ ಅದರ ವಕ್ಫ್‌ನಾಮಾ ನನ್ನನ್ನು ಹಿಡಿದು ನಿಲ್ಲಿಸಿತು.

ಗಂಡಸರು, ಹೆಂಗಸರು, ಬಡವರು, ಶ್ರೀಮಂತರು, ಊರಿನವರು, ಪರಸ್ಥಳದವರು ಯಾರೇ ಆಗಲಿ ಸೇರಿಸಿಕೊಳ್ಳಬೇಕು. ಇರುವ ಅವಧಿಗೆ ಮಿತಿ ಇಲ್ಲ. ಮಂಚ, ಹಾಸಿಗೆ, ದಿಂಬು, ಹೊದಿಕೆ ಕೊಡಬೇಕು. ಸೆಕೆಗಾಲದಲ್ಲಿ ಬೀಸಿಕೊಳ್ಳಲು ಗರಿಯ ಬೀಸಣಿಗೆ ಇರಬೇಕು. ಪ್ರತಿಯೊಬ್ಬರ ಊಟ ಅವರವರದೇ ಬಟ್ಟಲಲ್ಲಿ ಬರಬೇಕು, ಒಬ್ಬರ ಬಟ್ಟಲಲ್ಲಿ ಇನ್ನೊಬ್ಬರಿಗೆ ಪಾಲು ಇರಕೂಡದು, ಬಟ್ಟಲಿನ ಮೇಲೆ ಮುಚ್ಚಳವಿರಬೇಕು. ಅಲ್ಲಿಯೇ ತೀರಿಕೊಂಡರೆ ಗುಸ್ಲ್, ಕಫನ್, ದಫನ್‌ಗಳ ಖರ್ಚು ವಕ್ಫ್‌ನದು. ಏಳು ಶತಮಾನಗಳಿಗೂ ಹಿಂದೆ ಒಬ್ಬ ಸುಲ್ತಾನನ ದಸ್ತಾವೇಜಿನಲ್ಲಿ ಬೀಸಣಿಗೆ ಮತ್ತು ಬಟ್ಟಲಿನ ಮುಚ್ಚಳಕ್ಕೆ ಜಾಗವಿತ್ತು! ದಾನ ಕೊಟ್ಟವನು ಹೊಗಳಿಕೆಗೆ ಬಿಟ್ಟುಬಿಡದೆ, ಒಳಗಿರುವವನಿಗೆ ಏನೇನು ಸಲ್ಲಬೇಕು ಎಂಬುದನ್ನು ಒಂದೊಂದಾಗಿ ಬರೆಸಿದ್ದ. ಬರೆದದ್ದನ್ನು ಮುತವಲ್ಲಿ ಪಾಲಿಸದಿದ್ದರೆ ಕಾಝಿಯ ಮುಂದೆ ಕೇಳಬಹುದಿತ್ತು.

ಇದನ್ನೆಲ್ಲ ಹೇಳಿ ಎದೆಯುಬ್ಬಿಸಿಕೊಳ್ಳುವ ಮೊದಲು ಇನ್ನೊಂದು ಮಾತನ್ನೂ ಹೇಳಬೇಕು. ಆ ಕಟ್ಟಡಕ್ಕಾಗಿ ಅರಮನೆಯೊಂದರಲ್ಲಿದ್ದವರನ್ನು ಎಬ್ಬಿಸಲಾಯಿತು, ದಾರಿಹೋಕರನ್ನು ಹಿಡಿದು ಬಿಟ್ಟಿ ದುಡಿಸಲಾಯಿತು, ಅದಕ್ಕಾಗಿ ಕೆಲವರು ಅಲ್ಲಿ ನಮಾಝ್ ಮಾಡಲು ಒಪ್ಪಲಿಲ್ಲ ಎಂಬುದನ್ನು ಇತಿಹಾಸಕಾರ ಮಕ್ರೀಝಿಯೇ ಬರೆದಿದ್ದಾರೆ. ಕಟ್ಟಡ ಚೆಂದವಿದ್ದ ಮಾತ್ರಕ್ಕೆ ಕಟ್ಟಿದವರನ್ನು ಕೇಳಬಾರದೆಂದಿಲ್ಲ ಎಂಬುದು ಅಂದೂ ಜನರಿಗೆ ಗೊತ್ತಿತ್ತು.

ಅದೇ ಕೈರೋದಲ್ಲಿ 1285ರಲ್ಲಿ ಸುಲ್ತಾನ್ ಬೈಬರ್ಸ್‌ನ ಮಗಳು ತಿದ್‌ಕಾರ್‌ಬಾಯ್ ಖಾತೂನ್ ಹೆಂಗಸರಿಗಾಗಿಯೇ ಒಂದು ರಿಬಾತ್ ಕಟ್ಟಿಸಿದಳು. ಝೈನಬ್ ಎಂಬ ವಿದುಷಿಯ ಹೆಸರಿನಲ್ಲಿ ಸ್ಥಾಪನೆಯಾದ ಅದು ‘ರಿಬಾತುಲ್ ಬಗ್ದಾದಿಯ್ಯಃ’ ಎಂದು ಹೆಸರಾಯಿತು. ತಲಾಕ್ ಆದವರು, ಗಂಡ ಬಿಟ್ಟವರು, ನೆಲೆಯಿಲ್ಲದವರು ಅಲ್ಲಿದ್ದರು. ಅದರ ಮುಖ್ಯಸ್ಥೆ ಹೆಂಗಸೇ, ಉಪದೇಶ ಮಾಡುವವಳೂ ಹೆಂಗಸೇ. ನೂರು ವರ್ಷಕ್ಕೂ ಮಿಕ್ಕಿ ಅದು ನಡೆಯಿತು. ಇಂದು ನಮ್ಮ ಎಷ್ಟು ಜಮಾಅತ್‌ಗಳ ಕಮಿಟಿಯಲ್ಲಿ ಒಬ್ಬ ಹೆಂಗಸಾದರೂ ಇದ್ದಾಳೆ?

ಇಸ್ತಾಂಬುಲ್‌ನ ‘ಆಜಿಝ್’ರ ಮನೆ

ಕೈರೋದ ಮನೆಗಳಲ್ಲಿ ಮುಪ್ಪು ಬೇರೆ ಕಷ್ಟಗಳ ಜೊತೆ ಬೆರೆತಿತ್ತು. ಮುಪ್ಪಿನ ಹೆಸರನ್ನೇ ಮುಂದಿಟ್ಟುಕೊಂಡ ಮನೆ ನಮ್ಮ ಕಾಲಕ್ಕೆ ಹತ್ತಿರವಾಗಿ ಇಸ್ತಾಂಬುಲ್‌ನಲ್ಲಿ ಬಂತು. 1877–78ರ ರಷ್ಯಾ ಯುದ್ಧದ ನಂತರ ಆ ನಗರಕ್ಕೆ ನಿರಾಶ್ರಿತರು ಹರಿದುಬಂದರು. ಬೀದಿಗಳಲ್ಲಿ ಮುದುಕರು, ಅಂಗವಿಕಲರು, ಅನಾಥ ಮಕ್ಕಳು ತುಂಬಿಕೊಂಡರು. ಸುಲ್ತಾನ್ ಎರಡನೆಯ ಅಬ್ದುಲ್ ಹಮೀದ್‌ನ ಕಾಲದಲ್ಲಿ ಅಡಿಗಲ್ಲು ಬಿದ್ದ ‘ದಾರುಲ್ ಅಜಝ’ 1896ರಲ್ಲಿ ಬಾಗಿಲು ತೆರೆಯಿತು. ಅದರ ಆವರಣದಲ್ಲಿ ಮಸೀದಿಯಿದೆ, ಚರ್ಚ್ ಇದೆ, ಯಹೂದಿಯರ ಸಿನಗಾಗ್ ಕೂಡ ಇದೆ. ಕೊನೆಗಾಲಕ್ಕೆ ಬಂದವರು ತಮ್ಮ ದೇವರನ್ನು ಗೇಟಿನ ಹೊರಗೆ ಬಿಟ್ಟು ಬರಬೇಕಾಗಿರಲಿಲ್ಲ. ಕೈಯಲ್ಲಾದವರು ದುಡಿಯಲು ಕಾರ್ಯಾಗಾರಗಳೂ ಇದ್ದವು. ಆ ಸಂಸ್ಥೆ ಇಂದಿಗೂ ನಡೆಯುತ್ತಿದೆ.

ಆ ಹೆಸರು ಉರ್ದು ಓದಿದವರಿಗೆ ಹೊಸದಲ್ಲ. ‘ಆಜಿಝ್’ ಎಂದರೆ ಕೈಲಾಗದವನು, ಅದರ ಬಹುವಚನ ‘ಅಜಝ’. ಆದರೆ ನಮ್ಮ ಮನೆಗಳಲ್ಲಿ ಆ ಪದಕ್ಕೆ ಇನ್ನೊಂದು ಬಳಕೆಯೂ ಇದೆ. ‘ಇನ್ಸೆ ಆಜಿಝ್ ಆಗಯೇ’ ಎನ್ನುತ್ತೇವೆ, ಅಂದರೆ ಇವರಿಂದ ಸಾಕುಸಾಕಾಯಿತು ಎಂದು. ಕೈಲಾಗದವರು ಹಿರಿಯರು, ಆ ಪದವನ್ನು ಮಾತ್ರ ನಮ್ಮ ಬೇಸರಕ್ಕೆ ಕಿತ್ತುಕೊಂಡವರು ನಾವು! ವೃದ್ಧಾಶ್ರಮಕ್ಕೆ ನಮ್ಮಲ್ಲಿ ಪದವೇ ಇಲ್ಲವೆಂದು ಅಂದು ರಾತ್ರಿ ನನಗನಿಸಿದ್ದು ತಪ್ಪು. ಪದವಿತ್ತು. ಅದನ್ನು ನಾವು ಬೇರೆಯದಕ್ಕೆ ಬಳಸಿ ಸವೆಸಿದ್ದೆವು.

ಮದರಾಸು ಮತ್ತು ಬೆಂಗಳೂರು

ಇದು ದೂರದ ದೇಶಗಳ ಮಾತಾಯಿತು. ನಮ್ಮ ದಕ್ಷಿಣ ಭಾರತದಲ್ಲಿ ಇಂಥ ಮನೆಗಳ ಹಳೆಯ ಬೇರೊಂದು ಮದರಾಸಿನಲ್ಲಿದೆ. ಅದಕ್ಕೂ ನಮ್ಮ ಮೈಸೂರಿಗೂ ಸಂಬಂಧವಿದೆ. 1780ರಲ್ಲಿ ಹೈದರಾಲಿಯ ಸೇನೆ ಕರ್ನಾಟಿಕ್ ಸೀಮೆಗೆ ನುಗ್ಗಿತು. ಹಳ್ಳಿಗಳು ಹಾಳಾದವು, ಬರ ಬಂತು, ಹಸಿದ ಜನ ಮದರಾಸಿಗೆ ಓಡಿಬಂದರು. ಅವರಿಗೆ ಗಂಜಿ ಕೊಡಲು 1782ರಲ್ಲಿ ಒಂದು ಛತ್ರ ಆರಂಭವಾಯಿತು. ಊರ ಮಣಿಯಗಾರನಿಂದಾಗಿ ಅದಕ್ಕೆ ‘ಮಣಿಯಗಾರ್ ಛತ್ರ’ ಎಂಬ ಹೆಸರು ಬಂತು. ಇಂಗ್ಲಿಷರ ಬಾಯಲ್ಲಿ ಅದು ಮೊನೆಗಾರ್ ಆಯಿತು. ಅದರ ಮಗ್ಗುಲಲ್ಲಿ ಬೆಳೆದ ಆಸ್ಪತ್ರೆಯೇ ಮುಂದೆ ಸ್ಟಾನ್ಲಿ ಆಸ್ಪತ್ರೆಯಾಯಿತು. ಛತ್ರ ಕ್ರಮೇಣ ದಿಕ್ಕಿಲ್ಲದ ವೃದ್ಧರ ಮನೆಯಾಗಿ ಉಳಿಯಿತು. ಹೈದರ್ ನಮ್ಮ ಅಭಿಮಾನದ ದೊರೆ. ಆತನ ಯುದ್ಧ ಬೀದಿಪಾಲು ಮಾಡಿದವರಿಗೂ ಚರಿತ್ರೆಯಲ್ಲಿ ಜಾಗವಿದೆ.

ಬೆಂಗಳೂರಿನ ಹೊಸೂರು ರಸ್ತೆಯ ವೃದ್ಧರ ಮನೆಯ ಕಥೆ ಇನ್ನೂ ದೂರದಿಂದ ಬರುತ್ತದೆ. 1839ರ ಚಳಿಗಾಲದಲ್ಲಿ ಫ್ರಾನ್ಸಿನ ಸೇಂಟ್ ಸರ್ವಾನ್ ಎಂಬ ಕಡಲ ತೀರದ ಊರಿನಲ್ಲಿ, ಮನೆಗೆಲಸ ಮಾಡಿ ಬದುಕುತ್ತಿದ್ದ ಝಾನ್ ಝುಗಾನ್ ಎಂಬ ಹೆಂಗಸು ಕಣ್ಣು ಕಾಣದ, ಅರ್ಧ ದೇಹ ಬಿದ್ದುಹೋದ ಒಬ್ಬ ಮುದುಕಿಯನ್ನು ತನ್ನ ಕೋಣೆಗೆ ತಂದಳು. ಅವಳನ್ನು ತನ್ನ ಮಂಚದ ಮೇಲೆ ಮಲಗಿಸಿ ತಾನು ಅಟ್ಟದ ಮೇಲೆ ಮಲಗಿದಳು. ಅಲ್ಲಿಂದ ‘ಲಿಟ್ಲ್ ಸಿಸ್ಟರ್ಸ್ ಆಫ್ ದ ಪೂರ್’ ಎಂಬ ಸಂನ್ಯಾಸಿನಿಯರ ಸಂಘ ಹುಟ್ಟಿತು. 1882ರಲ್ಲಿ ಅವರು ಕಲ್ಕತ್ತೆಗೆ ಬಂದರು, 1900ರಲ್ಲಿ ಬೆಂಗಳೂರಿಗೆ. ನಿಶ್ಚಿತ ಆದಾಯ ಇಟ್ಟುಕೊಳ್ಳದೆ ಮನೆ, ಮಾರುಕಟ್ಟೆಗಳಲ್ಲಿ ಬೇಡಿ ತಂದು ವೃದ್ಧರನ್ನು ಸಾಕುವುದು ಅವರ ಪದ್ಧತಿ. ಒಬ್ಬ ಸುಲ್ತಾನ ಜಮೀನು, ಅಂಗಡಿಗಳ ಬಾಡಿಗೆ ಬರೆದುಕೊಟ್ಟ. ಒಬ್ಬ ಮನೆಗೆಲಸದವಳು ತನ್ನ ಮಂಚ ಬಿಟ್ಟುಕೊಟ್ಟಳು. ಎರಡೂ ಉಳಿದುಬಂದ ದಾರಿಗಳೇ.

ನಾಚಿಕೆಯ ಮೂಲ

ಹಾಗಿದ್ದರೆ ಆ ನಾಚಿಕೆ? ಅದರ ಒಂದು ದೊಡ್ಡ ಪಾಲು ಇಂಗ್ಲೆಂಡಿನ ‘ವರ್ಕ್‌ಹೌಸ್’ ಎಂಬ ಬಡವರ ಮನೆಯ ನೆರಳು ಎಂದು ನನಗನಿಸುತ್ತದೆ. 1834ರ ಕಾನೂನು ಬಡವರಿಗೆ ನೆರವು ಬೇಕಾದರೆ ಆ ಕಟ್ಟಡದೊಳಗೆ ಬನ್ನಿ ಎಂದಿತು. ಒಳಗಿನ ಬಾಳು ಹೊರಗಿನ ಕಡು ಬಡವನ ಬಾಳಿಗಿಂತ ಕೀಳಾಗಿರಬೇಕು, ಇಲ್ಲದಿದ್ದರೆ ಜನ ಸೋಮಾರಿಗಳಾಗುತ್ತಾರೆ ಎಂಬುದೇ ಅದರ ತತ್ವ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮೈಮೇಲೆ ಸಮವಸ್ತ್ರ. ಸೋಮಾರಿಗಳನ್ನು ಹೆದರಿಸಲು ಕಟ್ಟಿದ ಆ ಮನೆಯಲ್ಲಿ ಕೊನೆಗೆ ತುಂಬಿಕೊಂಡವರು ಹೆಚ್ಚಾಗಿ ಮುದುಕರು, ರೋಗಿಗಳು. ಕಲಾವೂನ್‌ನ ವಕ್ಫ್‌ನಾಮಾ ಒಳಗಿರುವವನಿಗೆ ಸಲ್ಲಬೇಕಾದುದನ್ನು ಬರೆದರೆ, ಈ ಕಾನೂನು ಒಳಗಿರುವವನಿಂದ ಕಿತ್ತುಕೊಳ್ಳಬೇಕಾದುದನ್ನು ಬರೆಯಿತು. ವೃದ್ಧರ ಮನೆಯೆಂದರೆ ಎಸೆದುಬಿಡುವ ಜಾಗ ಎಂಬ ಚಿತ್ರಕ್ಕೆ ಇಂಥ ಮನೆಗಳೇ ಬಣ್ಣ ತುಂಬಿದವು.

ಎರಡನೆಯ ಮಹಾಯುದ್ಧದ ನಂತರ ಇಂಗ್ಲೆಂಡ್ ಇದನ್ನು ಕೊನೆಗಾಣಿಸಲು ಹೊರಟಿತು. 1948ರ ಕಾನೂನು ಹೊಸ, ಚಿಕ್ಕ ಮನೆಗಳ ಭರವಸೆ ಕೊಟ್ಟಿತು. ಹೋಟೆಲಿನ ಅತಿಥಿಗೂ ಮ್ಯಾನೇಜರನಿಗೂ ಇರುವಂಥ ಸಂಬಂಧ ಅಲ್ಲಿರುತ್ತದೆ ಎಂದು ಮಂತ್ರಿಗಳು ಹೇಳಿದರು. ಹತ್ತು ವರ್ಷಗಳ ನಂತರ ಪೀಟರ್ ಟೌನ್‌ಸೆಂಡ್ ಎಂಬ ಸಮಾಜಶಾಸ್ತ್ರಜ್ಞ, ಆಗಿನ್ನೂ ಮೂವತ್ತರ ಆಸುಪಾಸಿನ ತರುಣ, ಈ ಭರವಸೆ ಎಲ್ಲಿಗೆ ಬಂತೆಂದು ನೋಡಲು ಹೊರಟ. ಇಂಗ್ಲೆಂಡ್ ಮತ್ತು ವೇಲ್ಸ್‌ನ 173 ವೃದ್ಧರ ಮನೆಗಳ ಸಮೀಕ್ಷೆ ಮಾಡಿ 1962ರಲ್ಲಿ ‘ದ ಲಾಸ್ಟ್ ರೆಫ್ಯೂಜ್’ ಎಂಬ ಪುಸ್ತಕ ಪ್ರಕಟಿಸಿದ. ಹಳೆಯ ವರ್ಕ್‌ಹೌಸ್ ಕಟ್ಟಡಗಳೇ ಹೊಸ ಬೋರ್ಡು ಹಾಕಿಕೊಂಡು ಇನ್ನೂ ಸಾವಿರಾರು ಮುದುಕರನ್ನು ಇಟ್ಟುಕೊಂಡಿರುವುದನ್ನು ಅದು ಬಯಲು ಮಾಡಿತು.

ಟೌನ್‌ಸೆಂಡ್ ಅನುಕಂಪಕ್ಕೆ ನಿಲ್ಲದೆ ಮನೆಗಳನ್ನು ಒಂದರ ಪಕ್ಕ ಒಂದಿಟ್ಟು ತೂಗಲು ಅಳತೆಗೋಲು ಮಾಡಿಕೊಂಡ. ಕಟ್ಟಡದ ಅನುಕೂಲ, ಸಿಬ್ಬಂದಿ, ಹೊತ್ತು ಕಳೆಯಲು ಕೆಲಸ, ಹೊರಗಿನವರ ಜೊತೆ ಒಡನಾಟ ಇವುಗಳ ಜೊತೆಗೆ ದಿನನಿತ್ಯದ ಸ್ವಾತಂತ್ರ್ಯವನ್ನೂ ಅವನು ಅಳೆದ. ಅಂದರೆ ಏಳುವ ಹೊತ್ತು, ಮಲಗುವ ಹೊತ್ತು, ಹೊರಗೆ ಹೋಗಿ ಬರುವುದು, ತನ್ನ ಸಾಮಾನು ತನ್ನ ಬಳಿ ಇಟ್ಟುಕೊಳ್ಳುವುದು. ಊಟ, ಬಟ್ಟೆ ಸಿಕ್ಕಿಯೂ ಇವನ್ನು ಕಳೆದುಕೊಂಡವರು ಒಳಗೊಳಗೇ ಕುಗ್ಗಿಹೋಗುವುದನ್ನು ಅವನು ಕಂಡ. ಇನ್ನೊಂದು ಸಂಗತಿಯೂ ಅವನ ಅಧ್ಯಯನದಿಂದ ಸ್ಪಷ್ಟವಾಯಿತು. ಅಲ್ಲಿದ್ದವರಲ್ಲಿ ಮಕ್ಕಳು ಹೊರಹಾಕಿದವರಿಗಿಂತ ಮದುವೆಯಾಗದವರು, ಮಕ್ಕಳಿಲ್ಲದವರು, ಸಂಗಾತಿ ಸತ್ತು ಒಂಟಿಯಾದವರು ಎದ್ದು ಕಾಣುತ್ತಿದ್ದರು. ಇದನ್ನು ಓದಿದಾಗ ನನ್ನ ಖಾಲಾ ನೆನಪಾದರು.

ಮೂರು ಮನೆಗಳು

ಇಷ್ಟೆಲ್ಲ ಓದಿದ ಮೇಲೆ ನಾವು ಮತ್ತೆ ಹುಡುಕಲು ಹೊರಟೆವು. ಈ ಬಾರಿ ಖಾಲಾರನ್ನು ಕೂರಿಸಿಕೊಂಡು ಮೊದಲು ಅವರನ್ನೇ ಕೇಳಿದೆ. ಹತ್ತು ತಿಂಗಳಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದರು. ಅಳುತ್ತಾರೆಂದುಕೊಂಡೆ. ಅಳಲಿಲ್ಲ. ‘ಮೇರೀ ಪೇಟೀಕೀ ಚಾಬೀ ಮೇರೇಚ್ ಪಾಸ್ ರಹತೀ ನಾ, ಬೇಟಾ?’ ಎಂದರು. ನನ್ನ ಪೆಟ್ಟಿಗೆಯ ಕೀಲಿ ನನ್ನ ಹತ್ತಿರವೇ ಇರುತ್ತದಲ್ಲವಾ ಎಂದು. 173 ಮನೆಗಳನ್ನು ಸುತ್ತಿದ ವಿದ್ವಾಂಸ ಅಳೆದದ್ದನ್ನೇ ನಾಲ್ಕನೇ ಕ್ಲಾಸು ಓದಿದ ಖಾಲಾ ಕೇಳಿದ್ದರು.

ಮೊದಲು ನೋಡಿದ ಮನೆಗೇ ಮತ್ತೊಮ್ಮೆ ಹೋದೆವು. ಹೊಸ ಕಟ್ಟಡ, ನುಣುಪಾದ ಟೈಲ್ಸ್, ದೊಡ್ಡ ಟಿ.ವಿ. 2 ಲಕ್ಷ ರೂಪಾಯಿ ಠೇವಣಿ, ತಿಂಗಳಿಗೆ 22 ಸಾವಿರ. ಈ ಬಾರಿ ಕೇಳಿದೆ: ರಾತ್ರಿ ಹತ್ತರ ನಂತರ ಎಷ್ಟು ಜನ ನೋಡಿಕೊಳ್ಳುವವರು ಇರುತ್ತಾರೆ? ನಲವತ್ತು ಮಂದಿಗೆ ಒಬ್ಬಳು. ಭಾನುವಾರ ಸಂಜೆ ಎರಡು ಗಂಟೆ ಮಾತ್ರ ಭೇಟಿ. ಬೀರುವಿನ ಕೀಲಿಗಳು ಆಫೀಸಿನಲ್ಲಿ. ಮ್ಯಾನೇಜರ್ ಇಡೀ ಅರ್ಧ ಗಂಟೆ ನನ್ನ ಜೊತೆ ಮಾತನಾಡಿದರು, ಪಕ್ಕದಲ್ಲಿ ಕೂತಿದ್ದ ಖಾಲಾರತ್ತ ಒಮ್ಮೆಯೂ ತಿರುಗಲಿಲ್ಲ.

ಎರಡನೆಯದು ಧರ್ಮಾರ್ಥವಾಗಿ ನಡೆಯುವ ಹಳೆಯ ಹೆಂಚಿನ ಮನೆ. ಹನ್ನೆರಡು ಮಂಚಗಳ ಒಂದು ಹಾಲ್. ಜಾತಿ ಧರ್ಮ ಕೇಳುವುದಿಲ್ಲ, ಹಣ ಕೇಳುವುದಿಲ್ಲ. ಸ್ವಚ್ಛವಾಗಿತ್ತು, ಅಡಿಗೆಮನೆಗೇ ಕರೆದುಕೊಂಡು ಹೋಗಿ ತೋರಿಸಿದರು. ಆದರೆ ಪೂರ್ತಿ ಹಾಸಿಗೆ ಹಿಡಿದರೆ ವಾಪಸು ಕರೆದುಕೊಂಡು ಹೋಗಬೇಕು ಎಂದು ಪ್ರಾಮಾಣಿಕವಾಗಿ ಹೇಳಿದರು. ನೋಡಿಕೊಳ್ಳುವವರು ಅಷ್ಟು ಜನ ಅವರಲ್ಲಿರಲಿಲ್ಲ. ಅಲ್ಲದೆ ನಿಜವಾಗಿ ಯಾರೂ ಇಲ್ಲದವರ ಜಾಗವನ್ನು ನಾವು ತೆಗೆದುಕೊಳ್ಳುವುದು ಸರಿಯೆನಿಸಲಿಲ್ಲ.

ಮೂರನೆಯದು ಬಾಡಿಗೆ ಮನೆಯಲ್ಲಿ ನಿವೃತ್ತ ನರ್ಸ್ ಒಬ್ಬರು ನಡೆಸುವ, ಹದಿನಾರು ಹೆಂಗಸರಿರುವ ಚಿಕ್ಕ ಜಾಗ. ಗೋಡೆಯ ಬಣ್ಣ ಅಲ್ಲಲ್ಲಿ ಎದ್ದಿತ್ತು. ಆಕೆ ಬಂದವರೇ ಸ್ಟೂಲ್ ಎಳೆದುಕೊಂಡು ಖಾಲಾರ ಎದುರು ಕೂತು, ‘ಅಮ್ಮಾ, ನಿಮಗೆ ಬೆಳಿಗ್ಗೆ ಎಷ್ಟು ಗಂಟೆಗೆ ಎಚ್ಚರ ಆಗುತ್ತೆ?’ ಎಂದು ಕೇಳಿದರು. ಫಜ್ರ್‌ಗೆ ಏಳುತ್ತೇನೆ ಎಂದರು ಖಾಲಾ. ವುಝೂಗೆ ಬಿಸಿನೀರು ಫ್ಲಾಸ್ಕ್‌ನಲ್ಲಿ ಇಡಿಸುತ್ತೇನೆ, ರಮಝಾನ್‌ನಲ್ಲಿ ಸಹರಿಗೆ ರಾತ್ರಿಯ ಆಯಾ ಎಬ್ಬಿಸುತ್ತಾಳೆ ಎಂದರು ಆಕೆ. ಪ್ರತಿ ಮಂಚದ ಬುಡದಲ್ಲಿ ಅವರವರ ಪೆಟ್ಟಿಗೆ, ಕೀಲಿ ಅವರವರ ಕೈಯಲ್ಲಿ. ತಿಂಗಳಿಗೆ 14 ಸಾವಿರ. ಒಂದು ತಿಂಗಳು ಇದ್ದು ನೋಡಿ, ಆಮೇಲೆ ಬರೆದುಕೊಳ್ಳೋಣ ಎಂದರು.

ಇಂಥ ಹುಡುಕಾಟದಲ್ಲಿರುವ ಓದುಗರಿಗಾಗಿ ನಾವು ಕೇಳಲು ಕಲಿತ ಪ್ರಶ್ನೆಗಳನ್ನು ಬರೆಯುತ್ತೇನೆ. ಹಾಸಿಗೆ ಹಿಡಿದ ಮೇಲೂ ಇಟ್ಟುಕೊಳ್ಳುತ್ತಾರೆಯೇ? ರಾತ್ರಿ ಎಷ್ಟು ಜನರಿಗೆ ಎಷ್ಟು ಸಿಬ್ಬಂದಿ? ಹೇಳದೆ ಕೇಳದೆ ಯಾವ ಹೊತ್ತಿನಲ್ಲಿ ಹೋದರೂ ಒಳಗೆ ಬಿಡುತ್ತಾರೆಯೇ? ಬಿಟ್ಟುಬಂದರೆ ಠೇವಣಿ ಎಷ್ಟು ದಿನದಲ್ಲಿ ಹಿಂದಿರುಗುತ್ತದೆ, ವರ್ಷಕ್ಕೆ ಎಷ್ಟು ಹಣ ಏರಿಸುತ್ತಾರೆ, ಇವೆಲ್ಲ ಕಾಗದದ ಮೇಲಿದೆಯೇ? ಊಟದಲ್ಲಿ ತಿನ್ನುವುದು, ತಿನ್ನದಿರುವುದಕ್ಕೆ ಬೆಲೆ ಇದೆಯೇ? ಕೊನೆಯುಸಿರೆಳೆದರೆ ಯಾರಿಗೆ ಮೊದಲು ಫೋನ್ ಮಾಡುತ್ತಾರೆ, ಗುಸ್ಲ್‌ಗೆ ಹೆಂಗಸರು ಬರುವವರೆಗೆ ಮಯ್ಯಿತ್ ಅನ್ನು ಗೌರವದಿಂದ ಕಾಯ್ದಿಡುತ್ತಾರೆಯೇ? ಈ ಕಡೆಯ ಪ್ರಶ್ನೆ ಕೇಳುವಾಗ ನನ್ನ ನಾಲಿಗೆ ತಡವರಿಸಿತು. ಆದರೆ ಕಫನ್‌ನ ಮಾತು ಕಲಾವೂನ್‌ನ ದಸ್ತಾವೇಜಿನಲ್ಲೇ ಇತ್ತಲ್ಲ! ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿರುವವರ ಪಕ್ಕ ಅರ್ಧ ಗಂಟೆ ಸುಮ್ಮನೆ ಕೂತು ಬನ್ನಿ. ಕರೆದ ಕೂಗಿಗೆ ಯಾರಾದರೂ ಬರುತ್ತಾರೋ ಇಲ್ಲವೋ ಎಂಬುದು ತಿಳಿಯುತ್ತದೆ.

ಕಾನೂನು ಮತ್ತು ಜಮಾಅತ್

ನಮ್ಮ ದೇಶದಲ್ಲಿ 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಇದೆ. 60 ವರ್ಷ ದಾಟಿದವರು ಮಕ್ಕಳಿಂದ, ಮೊಮ್ಮಕ್ಕಳಿಂದ ಜೀವನಾಂಶ ಕೇಳಬಹುದು. ಮಕ್ಕಳಿಲ್ಲದವರ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ವಾರಸುದಾರಿಕೆಯಿಂದ ಪಡೆಯುವ ಅನುಕೂಲಸ್ಥ ಸಂಬಂಧಿಕರೂ ಹೊಣೆಗಾರರು. ಅಂದರೆ ಖಾಲಾರ ಮನೆಯ ಮೇಲೆ ಕಣ್ಣಿಟ್ಟು ಖಾಲಾರ ಕಡೆಗೆ ಬೆನ್ನು ಮಾಡುವಂತಿಲ್ಲ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆಸಿಕೊಂಡ ಆಸ್ತಿಯ ವರ್ಗಾವಣೆ, ನೋಡಿಕೊಳ್ಳದಿದ್ದರೆ ರದ್ದಾಗಬಹುದು. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಯವರ ಮುಂದೆ ದೂರು ಕೊಡಬಹುದು. 14567 ಸಂಖ್ಯೆಗೆ ಫೋನ್ ಮಾಡಿದರೂ ಮಾಹಿತಿ ಸಿಗುತ್ತದೆ. ಅದೇ ಕಾಯ್ದೆ ಪ್ರತಿ ಜಿಲ್ಲೆಯಲ್ಲಿ ನಿರ್ಗತಿಕ ಹಿರಿಯರಿಗಾಗಿ ಕನಿಷ್ಠ 150 ಮಂದಿಯ ಒಂದು ಮನೆಯನ್ನಾದರೂ ಸರ್ಕಾರ ಸ್ಥಾಪಿಸಬಹುದು ಎಂದೂ ಹೇಳುತ್ತದೆ. ಸ್ಥಾಪಿಸಬಹುದು ಎಂದಿದೆ, ಸ್ಥಾಪಿಸಲೇಬೇಕು ಎಂದಿಲ್ಲ.

2011ರ ಜನಗಣತಿಯಲ್ಲೇ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚಿದ್ದರು. ಕರ್ನಾಟಕದಲ್ಲಿ ನೂರಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ. ಅವರಲ್ಲಿ ನಮ್ಮವರೂ ಇದ್ದಾರೆ. ಯತೀಂಖಾನಾ ಕಟ್ಟುವುದರಲ್ಲಿ ನಮ್ಮ ಸಮುದಾಯ ಹಿಂದೆ ಬಿದ್ದಿಲ್ಲ. ಮಗುವಿನ ತಲೆ ಸವರುವುದು ಸವಾಬ್ ಎಂದು ನಮಗೆ ಗೊತ್ತು. ಆದರೆ ನಮ್ಮ ಜಮಾಅತ್‌ಗಳ ಸಭೆಯಲ್ಲಿ ಒಂಟಿ ಮುದುಕಿಯರ ಮಾತೆತ್ತಿದರೆ, ‘ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ’ ಎಂಬ ಉತ್ತರ ಬರುತ್ತದೆ. ಇಲ್ಲವೆಂದು ಹೇಳುವವರ ಓಣಿಯಲ್ಲೇ ಅಂಥವರು ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಕಟ್ಟಡ ಆಮೇಲೆ ನೋಡೋಣ. ಮೊದಲು ಓಣಿಯಲ್ಲಿ ಒಬ್ಬರೇ ಇರುವ ಹಿರಿಯರು ಯಾರು ಯಾರು ಎಂದು ಒಂದು ಪಟ್ಟಿ ಮಾಡಬಹುದಲ್ಲ. ಹಝ್ರತ್ ಉಮರ್(ರ) ಖಜಾಂಚಿಗೆ ಹೇಳಿದ್ದೂ ಅದನ್ನೇ, ಇವನಂಥವರನ್ನು ನೋಡಿ ಎಂದು.

ಖಾಲಾ ಆ ಮೂರನೆಯ ಮನೆಗೆ ಹೋಗಿ ವರ್ಷ ದಾಟಿದೆ. ಎಲ್ಲವೂ ಸರಿಯಿದೆ ಎಂದು ಹೇಳಲಾರೆ. ಸಾರು ನೀರಾಗಿರುತ್ತದೆ ಎಂದು ದೂರುತ್ತಾರೆ, ಪಕ್ಕದ ಮಂಚದವರ ಕೆಮ್ಮಿಗೆ ನಿದ್ದೆಗೆಡುತ್ತಾರೆ. ಪ್ರತಿ ಶುಕ್ರವಾರ ಅಸರ್ ನಂತರ ನಮ್ಮಲ್ಲಿ ಒಬ್ಬರು ಹೋಗಲೇಬೇಕು ಎಂದು ತೀರ್ಮಾನಿಸಿಕೊಂಡಿದ್ದೇವೆ. ಹೋಗದ ಶುಕ್ರವಾರಗಳೂ ಇವೆ. ಕಳೆದ ಬಕ್ರೀದ್‌ಗೆ ಮೂರು ದಿನ ಮನೆಗೆ ಕರೆತಂದಿದ್ದೆವು. ಸೆರಗಿನ ತುದಿಯಲ್ಲಿ ಪೆಟ್ಟಿಗೆಯ ಕೀಲಿ ಕಟ್ಟಿಕೊಂಡೇ ಬಂದಿದ್ದರು.

ಅವರನ್ನು ಬಿಟ್ಟುಬಂದ ಮರುದಿನ ಮಸೀದಿಯ ಹೊರಗೆ ಹಿರಿಯರೊಬ್ಬರು, ‘ಖಾಲಾ ಎಲ್ಲಿದ್ದಾರಪ್ಪ ಈಗ?’ ಎಂದು ಕೇಳಿದರು. ಆಸ್ಪತ್ರೆಯ ಹಳೆಯ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಇರುವ ಜಾಗವನ್ನು ಹೇಳಿದೆ. ಅವರು ಏನೂ ಅನ್ನದೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಎರಡು ವಾರ ಬಿಟ್ಟು ಅವರೇ ಹುಡುಕಿಕೊಂಡು ಮನೆಗೆ ಬಂದರು. ಅವರ ವಿಧವೆ ತಂಗಿ ಒಬ್ಬರೇ ಇದ್ದಾರಂತೆ. ತಿಂಗಳಿಗೆ ಎಷ್ಟಾಗುತ್ತದೆ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ನಿಮ್ಮ ತಂಗಿಯನ್ನು ಒಂದು ಮಾತು ಕೇಳಿ ಬನ್ನಿ ಎಂದೆ.